ಗಾಜಿನ ಆಚೆಯ ಹೂಂ

ಗಾಜಣ್ಣನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ. ಹೆಂಡತಿಗೆ ಸಿಟ್ಟು ನೆತ್ತಿಗೇರಿದಾಗ ಮಾತ್ರ ಅದು ಹೊರಗೆ ಬರುತ್ತದೆ. ಉಳಿದಂತೆ ಬೀದಿಗೆಲ್ಲ ಅವನು ಗಾಜಣ್ಣ. ಕಿಟಕಿ ಒಡೆದವರು, ಕನ್ನಡಿ ಬೇಕಾದವರು, ಕಪಾಟಿನ ಬಾಗಿಲನ್ನು ಮಕ್ಕಳ ಚೆಂಡಿಗೆ ಬಲಿ ಕೊಟ್ಟವರು, ಎಲ್ಲರೂ ಅವನ ಅಂಗಡಿಗೇ ಬರಬೇಕು. ಬಂದವರು ಬೇಗ ಹೊರಡುವ ಮಾತೇ ಇಲ್ಲ. ಕೈ ಚುರುಕು, ನಿಜ. ಆದರೆ ಬಾಯಿ ಕೈಗಿಂತ ಚುರುಕು. ಒಂದು ಕಿಟಕಿಯ ಗಾಜು ಕೊಯ್ಯುವಷ್ಟರಲ್ಲಿ ತನ್ನ ಮೊಣಕಾಲಿನ ಇತಿಹಾಸ, ಮಹಡಿ ಮನೆಯ ಬಾಡಿಗೆದಾರ ನಲ್ಲಿ ತಿರುಗಿಸುವ ರೀತಿ, ಈಗಿನ ಕಾಲದ ಮೊಳೆಗಳ ಅಧೋಗತಿ, ಎಲ್ಲವನ್ನೂ ಗಿರಾಕಿಯ ತಲೆಗೆ ತುಂಬಿ ಕಳಿಸುತ್ತಿದ್ದ.

ಮನೆಯಲ್ಲಿ ಅವನ ಮಾತಿಗೆ ಬೆಲೆ ಇರಲಿಲ್ಲ ಎಂದರೆ ಅನ್ಯಾಯವಾದೀತು. ಬೆಲೆ ಇತ್ತು, ಕೇಳುವವರು ಇರಲಿಲ್ಲ. ಹೆಂಡತಿ ಮದುವೆಯಾದ ಹೊಸತರಲ್ಲೇ ಕೇಳಿ ಕೇಳಿ ತನ್ನ ಪಾಲಿನದನ್ನು ಮುಗಿಸಿಬಿಟ್ಟಿದ್ದಳು. ಮಗಳು ಹೊರನಾಡಿನಿಂದ ಬಂದವರಿಗೆ ಸಂಜೆ ತರಗತಿಯಲ್ಲಿ ಭಾಷೆ ಕಲಿಸುವ ಟೀಚರ್. ಅಲ್ಲಿ ಮುಚ್ಚಿದ ಬಾಯಿಗಳನ್ನು ತೆರೆಸಿ ತೆರೆಸಿ ಸುಸ್ತಾಗಿ ಬಂದವಳಿಗೆ, ಮನೆಯಲ್ಲಿ ಸದಾ ತೆರೆದೇ ಇರುವ ಬಾಯಿಯ ಮೇಲೆ ಅಂಥ ಆಸಕ್ತಿಯೇನೂ ಇರಲಿಲ್ಲ.

ಹೀಗಾಗಿ ಗಾಜಣ್ಣನ ಮಾತೆಲ್ಲ ಹೋಗಿ ಬೀಳುತ್ತಿದ್ದದ್ದು ಹೂಂ ಮಾವನ ಮೇಲೆ.

ಹೂಂ ಮಾವ ಅವನ ಪಾಲುದಾರ. ಎಷ್ಟೋ ವರ್ಷಗಳ ಹಿಂದೆ, ದೂರದ ಯಾವುದೋ ನಾಡಿನಿಂದ, ಬಟ್ಟೆಯಲ್ಲಿ ಸುತ್ತಿದ ಗಾಜು ಕೊಯ್ಯುವ ಕಟ್ಟರ್ ಹಿಡಿದು ಅಂಗಡಿಯ ಮುಂದೆ ಬಂದು ನಿಂತವನು. ಅವನ ಭಾಷೆ ಬೀದಿಯಲ್ಲಿ ಯಾರಿಗೂ ಬಾರದು. ಬೀದಿಯ ಭಾಷೆ ಅವನಿಗೆ ಬಾರದು. ಗಾಜಣ್ಣ ಆಗ ಒಂದು ದುಂಡು ಕನ್ನಡಿ ಕೊಯ್ಯಲು ಹೆಣಗುತ್ತಿದ್ದ. ಬಂದವನು ಸ್ವಲ್ಪ ಹೊತ್ತು ನೋಡಿದ. ತಡೆಯಲಾರದೆ ಒಳಗೆ ನುಗ್ಗಿ, ಗಾಜಣ್ಣನನ್ನು ಪಕ್ಕಕ್ಕೆ ತಳ್ಳಿ, ತಾನೇ ಕೊಯ್ದು ಕೊಟ್ಟ. ಗಾಜಣ್ಣ ಬಾಯಿಗೆ ಬಂದಂತೆ ಬೈದ. ಅವನು "ಹೂಂ" ಎಂದ. ಪಾಲುದಾರಿಕೆಯ ಮಾತುಕತೆ ಮುಗಿದದ್ದು ಅಷ್ಟರಲ್ಲೇ. ಆಗಿನ್ನೂ ಪುಟ್ಟವಳಾಗಿದ್ದ ಮಗಳು ಇಟ್ಟ ಹೆಸರೇ ಹೂಂ ಮಾವ.

ದೊಡ್ಡ ಗಾಜು ಹೊರುವುದು ಒಬ್ಬರ ಕೆಲಸವಲ್ಲ. ಅದನ್ನು ನೆಟ್ಟಗೆ ನಿಲ್ಲಿಸಿ, ಆಚೆಗೊಬ್ಬ ಈಚೆಗೊಬ್ಬ ಎದುರುಬದುರಾಗಿ ಹಿಡಿದು, ಏಡಿಯ ಹಾಗೆ ಅಡ್ಡಡ್ಡ ನಡೆಯಬೇಕು. ಮಾತಿಲ್ಲದ ಇವರಿಬ್ಬರೂ ಅದಕ್ಕೊಂದು ಉಪಾಯ ಮಾಡಿಕೊಂಡಿದ್ದರು. ಗಾಜಿನ ಯಾವ ಅಂಚಿಗೆ ಬೆರಳು ತಟ್ಟಿತೋ ಆ ಕಡೆಗೆ ನಡೆಯಬೇಕು. ಮೇಲೆ ತಟ್ಟಿದರೆ ನಿಲ್ಲಬೇಕು. ಉಗುರಿನಿಂದ ಕೆರೆದರೆ, ಮೂಗು ತುರಿಸುತ್ತಿದೆ, ಸ್ವಲ್ಪ ಇಳಿಸು ಎಂದರ್ಥ. ಇಷ್ಟೇ ಬಂಡವಾಳದಲ್ಲಿ ಅವರು ಊರಿನ ಅರ್ಧ ಕಿಟಕಿಗಳನ್ನು ತುಂಬಿಸಿದ್ದರು. ದಾರಿಯಲ್ಲಿ ಒಂದು ಚೂರೂ ಒಡೆದವರಲ್ಲ.

ಉಳಿದ ಹೊತ್ತೆಲ್ಲ ಗಾಜಣ್ಣ ಮಾತಾಡುತ್ತಿದ್ದ, ಹೂಂ ಮಾವ ಹೂಂಗುಟ್ಟುತ್ತಿದ್ದ. ಗೋಡೆಗೆ ಹೇಳಿದ ಹಾಗೆ ಎಂದು ನೀವು ನಗಬಹುದು. ಗೋಡೆ ಹೂಂ ಅನ್ನುವುದಿಲ್ಲ ಸ್ವಾಮಿ, ಅದೂ ಸರಿಯಾದ ಜಾಗದಲ್ಲಿ, ಸರಿಯಾದ ರಾಗದಲ್ಲಿ. ಒಮ್ಮೊಮ್ಮೆ ಹೂಂ ಮಾವನೂ ತನ್ನ ಭಾಷೆಯಲ್ಲಿ ಉದ್ದುದ್ದಕ್ಕೆ ಏನೋ ಹೇಳುತ್ತಿದ್ದ. ಆಗ ಹೂಂಗುಟ್ಟುವ ಸರದಿ ಗಾಜಣ್ಣನದು. ಪಾಲುದಾರ ತನ್ನ ಕೈಚಳಕವನ್ನು ಹೊಗಳುತ್ತಿದ್ದಾನೆ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಜಗತ್ತಿನಲ್ಲಿ ಇನ್ಯಾರಿಗೂ ಹೇಳದ ಒಂದು ಮಾತನ್ನು ಗಾಜಣ್ಣ ಹೇಳಿಕೊಂಡದ್ದೂ ಅವನ ಹತ್ತಿರವೇ. ಕಣ್ಣು ಮಂಜಾಗುತ್ತಿತ್ತು. ಅಳತೆ ಟೇಪಿನ ಗೆರೆಗಳು ಒಂದರ ಮೇಲೊಂದು ಹತ್ತಿ ಕೂರುತ್ತಿದ್ದವು. ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದಾಗ ಅವನು ಬಾಯಿಬಿಟ್ಟ.

"ನಿನಗೊಬ್ಬನಿಗೇ ಹೇಳ್ತಿದೀನಿ ನೋಡು. ಮಗಳಿಗೆ ಗೊತ್ತಾದ್ರೆ ಅಂಗಡಿಗೆ ಬೀಗ ಹಾಕಿಸಿ ನನ್ನ ಮನೇಲಿ ಕೂರಿಸ್ತಾಳೆ. ಮನೇಲಿ ಕೂತು ಏನು ಮಾಡ್ಲಿ ನಾನು? ಅಲ್ಲಿ ಯಾರೂ ಹೂಂ ಅನ್ನಲ್ಲ."

"ಹೂಂ," ಎಂದ ಹೂಂ ಮಾವ.

ಮರುದಿನ ಅವನು ಗಾಜಿನ ಮೇಲೆ ಗುರುತು ಹಾಕಲು ಹೆಬ್ಬೆರಳು ಗಾತ್ರದ ಕಪ್ಪು ಮಾರ್ಕರ್ ತಂದ. ಅಂದಿನಿಂದ ಅಳತೆ ತೆಗೆದು ಗೆರೆ ಎಳೆಯುವುದೂ ಅವನೇ. ಆ ಗೆರೆ ಬೀದಿಯ ಆಚೆ ಬದಿಗೂ ಕಾಣುತ್ತಿತ್ತು. ಪಾಪ, ಸಣ್ಣ ಪೆನ್ನು ಕೊಡಿ ಎಂದು ಕೇಳಲು ಇವನಿಗೆ ಮಾತು ಬರಬೇಕಲ್ಲ ಎಂದು ಗಾಜಣ್ಣ ಮರುಕಪಟ್ಟ.

ಮರುಕಪಟ್ಟವಳು ಇನ್ನೊಬ್ಬಳಿದ್ದಳು. ಮಾತು ತಿಳಿದರೆ ಮನಸ್ಸು ತಿಳಿಯುತ್ತದೆ, ಮನಸ್ಸು ತಿಳಿದರೆ ಜಗತ್ತು ಮುಂದೆ ಹೋಗುತ್ತದೆ ಎಂಬುದು ಮಗಳ ನಂಬಿಕೆ. ತರಗತಿಯ ಗೋಡೆಯ ಮೇಲೂ ಹಾಗೆಂದು ಬರೆದು ಅಂಟಿಸಿದ್ದಳು. ಅಪ್ಪ ಮತ್ತು ಹೂಂ ಮಾವ ಇಷ್ಟು ವರ್ಷ ಜೊತೆಗಿದ್ದೂ ಒಂದು ಮಾತು ಆಡಿಲ್ಲವಲ್ಲ ಎಂದು ಅವಳಿಗೆ ಕರುಳು ಚುರುಕ್ ಎನ್ನುತ್ತಿತ್ತು. ಗುಟ್ಟಾಗಿ ಹೂಂ ಮಾವನನ್ನು ತರಗತಿಗೆ ಸೇರಿಸಿಕೊಂಡಳು. ಅವನು ಎಲ್ಲರಿಗಿಂತ ಮುಂದೆ ಕೂತು, ಎಲ್ಲರಿಗಿಂತ ಮೊದಲು ಕಲಿತ.

ಒಂದು ಬೆಳಿಗ್ಗೆ ಗಾಜಣ್ಣ ಶಟರ್ ಎತ್ತುತ್ತಿದ್ದಾಗ ಬೆನ್ನ ಹಿಂದಿನಿಂದ ಒಂದು ದನಿ ಬಂತು.

"ನಮಸ್ಕಾರ, ಅಣ್ಣನವರೇ. ತಮ್ಮ ಮೊಣಕಾಲು ಕ್ಷೇಮವಾಗಿದೆಯೇ?"

ಶಟರ್ ಕೈಜಾರಿ ಧಡಾರನೆ ಕೆಳಗೆ ಬಂತು. ಹೂಂ ಮಾವ ಹಲ್ಲು ಬಿಟ್ಟು ನಿಂತಿದ್ದ. ಮಗಳು ಪಕ್ಕದಲ್ಲಿ ಚಪ್ಪಾಳೆ ತಟ್ಟುತ್ತಿದ್ದಳು. "ಹೇಗಿದೆ ಅಪ್ಪ, ನಾನು ಕೊಟ್ಟ ಉಡುಗೊರೆ?"

ಗಾಜಣ್ಣ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಇವನಿಗೆ ಮೊಣಕಾಲು ಗೊತ್ತು ಎಂದ ಮೇಲೆ ಕಣ್ಣೂ ಗೊತ್ತಿರಬೇಕು. ಕಣ್ಣು ಹಾಗಿರಲಿ, ಹೆಂಡತಿಯ ಅಕ್ಕನ ಬಗ್ಗೆ ಆಡಿದ್ದು? ಮಗಳ ಅಡುಗೆಯ ಬಗ್ಗೆ ಆಡಿದ್ದು? ಒಂದೊಂದೇ ನೆನಪಾಗಿ ಅವನಿಗೆ ನಿಂತಲ್ಲೇ ಬೆವರು ಕಿತ್ತುಕೊಂಡು ಬಂತು. ಇನ್ನು ಬಾಯಿಗೆ ಬೀಗ ಎಂದು ಅಲ್ಲೇ ತೀರ್ಮಾನಿಸಿದ.

ಅಂಗಡಿಯಲ್ಲಿ ಮಾತು ನಿಂತುಹೋಯಿತು. ಗಿರಾಕಿಗಳು ಗಾಜು ಒಯ್ಯುವಾಗ ಏನೋ ಮರೆತವರಂತೆ ತಿರುಗಿ ತಿರುಗಿ ನೋಡಿದರು. ಹೆಂಡತಿ ಹಣೆ ಮುಟ್ಟಿ ಜ್ವರ ಇದೆಯೇ ಎಂದು ಪರೀಕ್ಷಿಸಿದಳು. ಹೂಂ ಮಾವನಿಗೆ ಮಾತ್ರ ಹೊಸ ಮಾತಿನ ಹುರುಪು. "ಅಣ್ಣನವರೇ, ಇಂದು ಹವಾಮಾನ ಹಿತಕರವಾಗಿದೆ. ತಾವು ಬೆಳಿಗ್ಗೆ ಏನನ್ನು ಸೇವಿಸಿದಿರಿ?" ಎಂದು ಶುರು ಮಾಡಿದರೆ ಸಂಜೆಯವರೆಗೂ ಬಿಡುವಿಲ್ಲ.

ಗಾಜಣ್ಣ ಹೂಂ ಅನ್ನುತ್ತಿದ್ದ.

ಒಂದು ದಿನ ತಡೆಯಲಾರದೆ ಕೇಳಿದ. "ಅಲ್ಲಯ್ಯಾ, ಇಷ್ಟು ವರ್ಷ ನಿನ್ನ ಭಾಷೇಲಿ ಅದೇನೋ ಹೇಳ್ತಿದ್ದೆಯಲ್ಲ ನನ್ನ ಕೆಲಸ ನೋಡಿ. ಏನದು?"

ಹೂಂ ಮಾವ ಯೋಚಿಸಿ, ಪದ ಜೋಡಿಸಿ ಹೇಳಿದ. "ತಾವು ಕಟ್ಟರ್‌ಗೆ ಎಣ್ಣೆ ಹಾಕುವುದಿಲ್ಲ. ತಾವು ಸೋಮಾರಿಗಳು."

ಗಾಜಣ್ಣನಿಗೆ ಅಂದು ಊಟ ಸೇರಲಿಲ್ಲ.

ಅದೇ ವಾರ ಮೂಲೆಯ ಸಲೂನಿನವನು ಗೋಡೆಯಗಲದ ಕನ್ನಡಿಗೆ ಹೇಳಿದ್ದ. ಹೊತ್ತು ತಂದದ್ದಾಯಿತು. ಬಾಗಿಲ ಬಳಿ ಬಂದಾಗ ಗಾಜಣ್ಣ ಅಭ್ಯಾಸಬಲದಿಂದ ಬೆರಳೆತ್ತಿದ. ತನ್ನ ಉಡುಗೊರೆಯ ಫಲ ನೋಡಲು ಜೊತೆಗೇ ಬಂದಿದ್ದ ಮಗಳು ಅಡ್ಡ ಬಂದಳು. "ಇನ್ನೂ ಯಾಕಪ್ಪ ತಟ್ಟೋದು? ಬಾಯಿ ಇದೆಯಲ್ಲ, ಹೇಳು!"

ಗಾಜಣ್ಣನಿದ್ದದ್ದು ಹೊಳೆಯುವ ಬದಿಗೆ. ಅವನಿಗೆ ಕಂಡದ್ದು ತನ್ನದೇ ಮುನಿದ ಮುಖ, ಅದೂ ಮಸಕು ಮಸಕು. ಹೂಂ ಮಾವ ಕನ್ನಡಿಯ ಬೆನ್ನಿಗೆ. "ಎಡಕ್ಕೆ," ಎಂದ ಗಾಜಣ್ಣ. ತರಗತಿಗೇ ಮೊದಲಿಗನಾದ ಹೂಂ ಮಾವ ಚಾಚೂ ತಪ್ಪದೆ ತನ್ನ ಎಡಕ್ಕೆ ಹೊರಟ. ಗಾಜಣ್ಣ ತನ್ನ ಎಡಕ್ಕೆ ಹೊರಟ. ಕನ್ನಡಿಗೆ ಎರಡೂ ಕಡೆ ಹೋಗಲು ಬರುವುದಿಲ್ಲ. ಅದು ತಿರುಚಿಕೊಂಡು, ಬಾಗಿಲ ಚೌಕಟ್ಟಿಗೆ ಬಡಿದು, ಮೆಟ್ಟಿಲ ತುಂಬ ಚೂರುಚೂರಾಗಿ ಬಿತ್ತು.

"ಎಡಕ್ಕೆ ಅಂದ್ರೆ ಎಡಕ್ಕೆ ಕಣೋ!"

"ಎಡಕ್ಕೇ ಹೋದೆ, ಅಣ್ಣನವರೇ."

"ಅದು ನಿನ್ನ ಎಡ!"

"ನನ್ನ ಬಳಿ ಬೇರೆಯವರ ಎಡ ಇಲ್ಲ."

ಬೀದಿ ನೆರೆಯಿತು. ಒಳಗಿನಿಂದ ಒಬ್ಬ ಅರ್ಧ ಗಡ್ಡ ಬೋಳಿಸಿಕೊಂಡವನು ನೊರೆ ಸಮೇತ ಹೊರಗೆ ಬಂದು ನಿಂತ. ಗಾಜಣ್ಣ ಇಷ್ಟು ದಿನ ಕಟ್ಟಿಟ್ಟಿದ್ದ ಮಾತನ್ನೆಲ್ಲ ಒಂದೇ ಉಸಿರಿಗೆ ಬಿಟ್ಟ. ಹೂಂ ಮಾವನ ಕಷ್ಟ ಹೇಳತೀರದು. ಮಗಳು ಅವನಿಗೆ ಗೌರವದ ಮಾತು ಮಾತ್ರ ಕಲಿಸಿದ್ದಳು. ಜಗಳಕ್ಕೆ ಬೇಕಾದ ಸಾಮಾನು ಒಂದನ್ನೂ ಕೊಟ್ಟಿರಲಿಲ್ಲ.

"ದಯವಿಟ್ಟು ಕ್ಷಮಿಸಿ," ಎಂದ ಅವನು, ಸಿಟ್ಟಿನಿಂದ ನಡುಗುತ್ತ. "ತಾವು ಕತ್ತೆ. ನಾನು ಮೊದಲು ಅಂದುಕೊಂಡಿದ್ದೆ, ತಾವು ದಿನಾ ದೊಡ್ಡ ವಿಷಯ ಮಾತಾಡುತ್ತೀರಿ ಎಂದು. ಸಮುದ್ರ, ಯುದ್ಧ, ರಾಜರು. ಈಗ ಗೊತ್ತಾಯಿತು. ಬರೀ ಮೊಣಕಾಲು!"

ಬೀದಿ ಬಿದ್ದು ಬಿದ್ದು ನಕ್ಕಿತು. ನಗದವರು ಮೂವರೇ.

ಸಲೂನಿನವನಿಗೆ ಸಂಜೆಯೊಳಗೆ ಇನ್ನೊಂದು ಕನ್ನಡಿ ಬೇಕಿತ್ತು. ಅಂಗಡಿಗೆ ವಾಪಸು ಬಂದ ಹೂಂ ಮಾವ ಮೂಲೆಯ ಸ್ಟೂಲಿನ ಮೇಲೆ ಗೋಡೆ ನೋಡುತ್ತ ಕೂತ. ಮಾರ್ಕರ್ ಅವನ ಜೇಬಿನಲ್ಲೇ ಉಳಿಯಿತು. ತಪ್ಪು ತನ್ನದೂ ಇದೆ ಎಂದು ಮುಖ ಸಣ್ಣದು ಮಾಡಿಕೊಂಡ ಮಗಳು ಸಹಾಯಕ್ಕೆಂದು ಮೇಜಿನ ಪಕ್ಕದಲ್ಲೇ ನಿಂತಳು. ಗಾಜಣ್ಣ ಟೇಪು ಎಳೆದ. ಗೆರೆಗಳು ಹತ್ತಿ ಕೂತವು. ಟೇಪು ತೆಗೆದ, ಮತ್ತೆ ಇಟ್ಟ, ಬಗ್ಗಿದ, ಇನ್ನೂ ಬಗ್ಗಿದ. ಮೂಗು ಗಾಜಿಗೆ ತಾಗಿತು.

"ಏನಾಯ್ತಪ್ಪ?"

"ಬೆಳಕು ಸರಿ ಇಲ್ಲ."

ಹೊರಗೆ ಸುಡು ಬಿಸಿಲಿತ್ತು. ಮಗಳು ಅಪ್ಪನನ್ನು ಒಮ್ಮೆ, ಬಿಸಿಲನ್ನು ಒಮ್ಮೆ ನೋಡಿದಳು. ಆಮೇಲೆ ಮೂಲೆಗೆ ತಿರುಗಿದಳು. "ಮಾವ, ಅಪ್ಪನಿಗೆ ಏನಾಗಿದೆ? ನಿಮಗೆ ಗೊತ್ತಿರುತ್ತೆ. ನಿಜ ಹೇಳಿ."

ಗಾಜಣ್ಣನ ಅಂಗಡಿ, ಮೇಜು, ಇಷ್ಟು ವರ್ಷದ ಬದುಕು, ಎಲ್ಲವೂ ಈಗ ಆ ಒಂದು ಬಾಯಿಯಲ್ಲಿತ್ತು. ಮುಂಜಾನೆಯಷ್ಟೇ ಹವಾಮಾನದ ವರದಿ ಕೊಟ್ಟ ಬಾಯಿ ಅದು; ಕತ್ತೆ ಎಂದ ಬಾಯಿ.

ಹೂಂ ಮಾವ ನಿಧಾನಕ್ಕೆ ತಿರುಗಿದ. ಮೊದಲ ದಿನ ಅಂಗಡಿಯ ಮುಂದೆ ನಿಂತಿದ್ದಾಗ ಇದ್ದಂಥದೇ ಖಾಲಿ ಕಣ್ಣುಗಳಿಂದ ಮಗಳನ್ನು ನೋಡಿದ.

"ಹೂಂ?" ಎಂದ.

"ಮಾವ, ನಾನು ಕೇಳಿದ್ದು..."

"ಹೂಂ."

ತರಗತಿಯ ಮೊದಲಿಗ ಟೀಚರ್ ಎದುರಿಗೇ ಪಾಠವನ್ನೆಲ್ಲ ಮರೆತಿದ್ದ. ಎದ್ದು ಬಂದ. ಗಾಜಣ್ಣನ ಕೈಯಿಂದ ಟೇಪು ಕಿತ್ತುಕೊಂಡು, ಅಳತೆ ನೋಡಿ, ಕನ್ನಡಿಯ ಮೇಲೆ ದಪ್ಪನೆಯ ಕಪ್ಪು ಗೆರೆ ಎಳೆದು, ಮತ್ತೆ ಹೋಗಿ ಗೋಡೆ ನೋಡುತ್ತ ಕೂತ. ಗಾಜಣ್ಣ ಗೆರೆಯ ಮೇಲೆ ಕಟ್ಟರ್ ಓಡಿಸಿದ. ಹೇಳಿದ ಮಾತು ಕೇಳಿದ ಹಾಗೆ ಕನ್ನಡಿ ನೇರವಾಗಿ ಬಿಟ್ಟುಕೊಂಡಿತು. ಇಷ್ಟು ದಿನ ಆ ದಪ್ಪ ಮಾರ್ಕರ್ ಯಾಕೆ ಬಂದಿತ್ತು ಎಂಬುದು ಅವನಿಗೆ ಆಗ ಹೊಳೆಯಿತು.

ಮಗಳು ತರಗತಿಗೆ ಹೊತ್ತಾಯಿತೆಂದು ಹೊರಟ ಮೇಲೆ ಗಾಜಣ್ಣ ಕೇಳಿದ. "ಕಣ್ಣಿನ ಮಾತು ಹೇಳಿದಾಗ ನಿನಗೆ ಒಂದಕ್ಷರ ಬರ್ತಿರಲಿಲ್ಲ. ಹೇಗೆ ಗೊತ್ತಾಯ್ತೋ?"

"ಅಂದು ತಾವು ಮೆಲ್ಲಗೆ ಮಾತಾಡಿದಿರಿ," ಎಂದ ಹೂಂ ಮಾವ. "ತಾವು ಎಂದೂ ಮೆಲ್ಲಗೆ ಮಾತಾಡುವವರಲ್ಲ. ಆಮೇಲೆ ತಮ್ಮ ಕೈ ನೋಡಿದೆ. ಸಾಕಾಯಿತು."

ಹೂಂ ಮಾವ ಎದ್ದು ಹತ್ತಿರ ಬಂದ.

"ನಾಳೆ ಬೆಳಿಗ್ಗೆ ಕಣ್ಣಿನ ಡಾಕ್ಟರ ಬಳಿ ಹೋಗೋಣ. ತಾವು ಬರದಿದ್ದರೆ ಮಗಳಿಗೆ ಹೇಳುತ್ತೇನೆ." ಟೇಪು ಸುತ್ತಿಡುತ್ತ ಸೇರಿಸಿದ. "ಈಗ ನನಗೆ ಮಾತು ಬರುತ್ತದೆ."

ಗೌರವದ ಮಾತಿನಲ್ಲಿ ಇಂಥ ಬೆದರಿಕೆಯನ್ನು ಗಾಜಣ್ಣ ಜನ್ಮದಲ್ಲಿ ಕೇಳಿರಲಿಲ್ಲ. ಹೋದ. ಪೊರೆ ಬಂದಿದೆ, ತೆಗೆದರಾಯಿತು ಎಂದು ಡಾಕ್ಟರು ಎರಡು ಮಾತಿನಲ್ಲಿ ಮುಗಿಸಿದರು. ಗಾಜಣ್ಣ ಅವರಿಗೆ ಮೊಣಕಾಲಿನ ಕಥೆಯನ್ನೂ ಹೇಳಿಯೇ ಎದ್ದ. ಕೊನೆಗೆ ಮಗಳಿಗೆ ತಾನೇ ಹೇಳಿದ. ಅವಳು ಅಂಗಡಿಗೆ ಬೀಗ ಹಾಕಲಿಲ್ಲ. ಇಬ್ಬರಿಗೂ ಸೇರಿಸಿ ಬೈದಳು, ಹೂಂ ಮಾವನಿಗೆ ಕೊಂಚ ಹೆಚ್ಚೇ. ಅವನು ಆ ಬೈಗುಳಗಳನ್ನೆಲ್ಲ ಗಮನವಿಟ್ಟು ಕೇಳಿದ. ತರಗತಿಯಲ್ಲಿ ಇವನ್ನು ಯಾಕೆ ಕಲಿಸಲಿಲ್ಲ ಎಂದು ಕೇಳಿದ.

ಪೊರೆ ತೆಗೆಸಿಕೊಂಡು ಗಾಜಣ್ಣ ಮತ್ತೆ ಅಂಗಡಿಗೆ ಬಂದಾಗ, ಮೊದಲು ಸಿಕ್ಕಿದ್ದು ಬಟ್ಟೆ ಅಂಗಡಿಯೊಂದರ ಮುಂಭಾಗದ ಗಾಜು. ತಿಳಿನೀರಿನಂಥ ದೊಡ್ಡ ಗಾಜು. ಆಚೆಗೊಬ್ಬ ಈಚೆಗೊಬ್ಬ ನಿಂತು ಎತ್ತಿದರು. ಗಾಜಣ್ಣ ತಲೆಯೆತ್ತಿ ನೋಡಿದ. ಎದುರಿಗೆ ಯಾರೋ ಒಬ್ಬ ಮುದುಕ. ಹುಬ್ಬು ಪೂರ್ತಿ ಬೆಳ್ಳಗಾಗಿದೆ, ಕೆನ್ನೆ ಒಳಗೆ ಹೋಗಿದೆ. ಅಷ್ಟು ವರ್ಷ ಆ ಮಂಜಿನಲ್ಲಿ ಅವನು ನೋಡುತ್ತಿದ್ದದ್ದು, ಬಟ್ಟೆಯಲ್ಲಿ ಕಟ್ಟರ್ ಸುತ್ತಿಕೊಂಡು ಬಂದಿದ್ದ ಹಳೆಯ ಹುಡುಗನನ್ನೇ.

"ಯಾವಾಗ ಕಣೋ ಇಷ್ಟು ಮುದುಕನಾದೆ? ಒಂದು ಮಾತು ಹೇಳಬಾರದಿತ್ತಾ?"

ಉತ್ತರ ಕೊಡಲು ಬೇಕಾದಷ್ಟು ಮಾತು ಹೂಂ ಮಾವನಿಗೆ ಈಗ ಬರುತ್ತಿತ್ತು. "ಹೂಂ," ಎಂದ.

ಗಾಜಣ್ಣ ಉಗುರಿನಿಂದ ಗಾಜನ್ನು ಕೆರೆದ. ಹೂಂ ಮಾವ ತಕ್ಷಣ ಗಾಜನ್ನು ಇಳಿಸಿ, ಆಚೆಯಿಂದ ಭದ್ರವಾಗಿ ಹಿಡಿದುಕೊಂಡ. ಗಾಜಣ್ಣ ತೋಳಿನಿಂದ ಕಣ್ಣೊರೆಸಿಕೊಂಡ. ತುರಿಸುತ್ತಿದ್ದದ್ದು ಮೂಗಲ್ಲವೇ ಎಂದು ಹೂಂ ಮಾವ ಕೇಳಲಿಲ್ಲ.