ಮಲಗಿದರೆ ಬರುವ ಉಸಿರು

"ಉಬ್ಸ ಅಂದ್ರೇನು ಅಂತ ನಂಗೆ ಗೊತ್ತಿಲ್ವೇನವ್ವಾ? ತವರು ಉಬ್ರಾಣಿಯಾಗೆ ನಮ್ಮಪ್ಪಂಗೆ ಇತ್ತು. ಮಲಗಿದ್ರೆ ಉಸಿರು ಕಟ್ಟೋದು ಅಂತ ಗೋಡೆಗೆ ಒರಗಿ ಕುಂತೇ ಬೆಳಗು ಮಾಡೋನು. ಇವಳದು ನೋಡು, ಉಲ್ಟಾ! ಚಾಪೆ ಮ್ಯಾಲೆ ಇದ್ರೆ ನಗ್ತಾಳೆ, ಹಾಡು ಹೇಳ್ತಾಳೆ. ಎದ್ದು ನಿಂತ್ಲೋ, ಎದೆ ಹಿಡ್ಕಂತಾಳೆ. ಕೆಲಸ ಕಂಡ್ರೆ ಬರೋ ಉಬ್ಸ ಇದು. ನಾಕು ಹೆತ್ತೋಳು ನಾನು, ಯಾವತ್ತಾದ್ರೂ ನಮ್ಮತ್ತೆ ನಂಗೆ 'ಮಲಗವ್ವಾ' ಅಂದಾರಾ? ಅವಳ ಬಾಯಿಗೆ ಗಂಜಿ, ನನ್ನ ಕಣ್ಣಿಗೆ ಹೊಗೆ."

ಜಗಳೂರಿನಲ್ಲಿ ನಮ್ಮ ಪಕ್ಕದ ಮನೆಯ ಕಾಟಮ್ಮ ಹೀಗಂದದ್ದು ಎಂಬತ್ನಾಲ್ಕನೆಯ ಇಸವಿಯ ಬೇಸಿಗೆಯಲ್ಲಿ. 'ಇವಳು' ಎಂದರೆ ಅವಳ ವಾರಗಿತ್ತಿ, ಮೈದುನ ಸಣ್ಣಪ್ಪನ ಹೆಂಡತಿ ಓಬವ್ವ. ಓಬವ್ವನ ಲಿವರ್ ಕೆಟ್ಟು ಹೊಟ್ಟೆ ಊದಿದ್ದು ಊರಿಗೇ ಗೊತ್ತಿತ್ತು. ಕಾಟಮ್ಮ ಹೊಟ್ಟೆಯನ್ನು ನಂಬುತ್ತಿದ್ದಳು, ಉಸಿರನ್ನು ನಂಬುತ್ತಿರಲಿಲ್ಲ.

ಒಂದು ಬೆಳಿಗ್ಗೆ, ಓಬವ್ವನನ್ನು ಏಳಗೊಡದ ಅವರ ಅತ್ತೆ ಮನೆಯಲ್ಲಿರಲಿಲ್ಲ. ಕಾಟಮ್ಮ ಕೊಡವನ್ನು ಚಾಪೆಯ ಪಕ್ಕಕ್ಕೇ ತಂದಿಟ್ಟಳು. "ನಲ್ಲಿ ಬಂದೈತೆ ಮಹಾರಾಣಿ, ಒಂದು ಕೊಡ ತಾರೇ."

ಓಬವ್ವ ಎದ್ದು ಕೊಡ ಎತ್ತಿಕೊಂಡು ಹೋದಳು. ನಲ್ಲಿಯ ಹತ್ತಿರ ಕುಸಿದಳು. ತುಟಿ ನೇರಳೆಹಣ್ಣು ತಿಂದಂತೆ ಕಪ್ಪಾಗಿತ್ತು. ನೀರಿಗೆ ನಿಂತಿದ್ದ ನಾವು ಎತ್ತಿ ತಂದು ಮಲಗಿಸಿದೆವು. ತುಸು ಹೊತ್ತಿಗೆ ಬಣ್ಣ ತಿರುಗಿ, ನೀರು ಕೇಳಿದಳು.

"ನೋಡಿದ್ರಾ, ಮಲಗಿಸಿದ ಕೂಡ್ಲೇ ನೆಟ್ಟಗಾದ್ಲು!" ಎಂದಳು ಕಾಟಮ್ಮ.

ಸಣ್ಣಪ್ಪ ಮರುದಿನವೇ ಹೆಂಡತಿಯನ್ನು ದಾವಣಗೆರೆಗೆ ಕರೆದೊಯ್ದ. "ನಾಟಕ ಅಂತ ಡಾಕ್ಟ್ರ ಬಾಯಾಗೇ ಕೇಳ್ತೀನಿ" ಎಂದು ಕಾಟಮ್ಮನೂ ಬಸ್ಸು ಹತ್ತಿದಳು. ಮುಂದಿನದನ್ನು ನನಗೆ ಹೇಳಿದವಳೂ ಅವಳೇ.

ಡಾಕ್ಟರು ಓಬವ್ವನನ್ನು ಮಲಗಿಸಿ ಉಗುರು ನೋಡಿದರು. ಕೂರಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದರು. ಉಗುರು ನೀಲಿಗಟ್ಟಿತ್ತು.

"ಇವ್ರು ನಾಟಕ ಮಾಡ್ತಿಲ್ಲಮ್ಮ. ಲಿವರ್ ಕೆಟ್ಟಿದ್ದಕ್ಕೆ ಶ್ವಾಸಕೋಶದ ರಕ್ತನಾಳಗಳು ಅಗಲ ಆಗಿವೆ. ರಕ್ತ ಗಾಳಿ ಹಿಡ್ಕೊಳ್ದೇನೇ ದಾಟಿಹೋಗುತ್ತೆ. ಕೂತ್ರೆ, ನಿಂತ್ರೆ ಉಬ್ಬಸ ಹೆಚ್ಚು, ಮಲಗಿದ್ರೆ ಕಮ್ಮಿ."

"ಬ್ಯಾರೆ ಲಿವರ್ ಹಾಕಾಕೆ ಬರಲ್ವಾ ಸ್ವಾಮಿ?" ಸಣ್ಣಪ್ಪ ಕೇಳಿದ.

"ಹೊರದೇಶದಲ್ಲಿ ಹಾಕ್ತಾರಪ್ಪ. ಶ್ವಾಸಕೋಶ ಹೀಗಿದ್ರೆ ಅಲ್ಲೂ ಬೇಡ ಅಂತಾರೆ. ಮನೇಲೇ ಚೆನ್ನಾಗಿ ನೋಡ್ಕೊಳ್ಳಿ, ಎಬ್ಬಿಸಬೇಡಿ."

ಊರಿಗೆ ಬಂದ ಮೇಲೂ ಕಾಟಮ್ಮನ ಉರಿ ಆರಲಿಲ್ಲ. ಮಲಗುವುದಕ್ಕೆ ಈಗ ಡಾಕ್ಟರ ಅಪ್ಪಣೆ ಬೇರೆ! ಕೊಡ ಹೊತ್ತು ಬಂದವಳು ಧಡಕ್ಕನೆ ಇಳಿಸಿದಳು. ನಾನು ಅಲ್ಲೇ ಬಾಗಿಲಲ್ಲಿದ್ದೆ.

"ಅಕ್ಕಾ," ಎಂದಳು ಓಬವ್ವ, "ನೀನು ಹಂಗೆ ಕೊಡ ಹೊತ್ಕಂಡು ಹೊಸ್ತಿಲು ದಾಟ್ತೀಯಲ್ಲ, ನೋಡಿದ್ರೆ ಹೊಟ್ಟೆ ಉರೀತೈತೆ ನಂಗೆ."

"ನನ್ನ ಮ್ಯಾಲಾ?"

"ಊಂ. ನಿನ್ನ ಕಾಲ ಮ್ಯಾಲೆ."

ಕಾಟಮ್ಮನನ್ನು ಕಂಡು ಹೊಟ್ಟೆಕಿಚ್ಚುಪಟ್ಟವರು ಅದುವರೆಗೆ ಯಾರೂ ಇರಲಿಲ್ಲ. ಅವಳು ಇಳಿಸಿದ ಕೊಡವನ್ನು ಮೂಲೆಗೆ ಸರಿಸಿದಳು. ಆಮೇಲೆ ಒಳಗೆ ಹೋಗಿ, ಮೆಂತ್ಯಸೊಪ್ಪಿನ ಮೊರ ತಂದು ಚಾಪೆಯ ಮೇಲೆ, ಕೈಗೆ ಎಟುಕುವಂತೆ ಇಟ್ಟಳು.

"ಮಲಗ್ಕಂಡೇ ಬಿಡಿಸು. ದಂಟು ಉಳಿಸಿದ್ರೆ ನೋಡು ಮತ್ತೆ!"

ಓಬವ್ವ ಪಕ್ಕಕ್ಕೆ ಹೊರಳಿ ಎಲೆ ಚಿವುಟತೊಡಗಿದಳು.