ಬಸ್ಮಾ ಅಳಿಸಿದ ಸಾಲು

ಸ್ಫಾಕ್ಸ್ ಎಂಬ ಬಂದರು ಊರಿನ ಒಂದು ಧರ್ಮಾರ್ಥ ಕಣ್ಣಾಸ್ಪತ್ರೆಯ ವೆಬ್‌ಸೈಟು, ಅದನ್ನು ನಡೆಸುವ ಸರ್ವರು, ಎರಡೂ ಹದಿಮೂರು ವರ್ಷದಿಂದ ಬಸ್ಮಾ ತ್ರಿಕಿಯ ಕೈಯಲ್ಲಿದ್ದವು. ಕೆಲಸದಲ್ಲಿ ಅಚ್ಚುಕಟ್ಟು, ಮಾತು ಸ್ವಲ್ಪ ಬಿರುಸು. ತನ್ನಿಂದ ತಪ್ಪಾಗುವುದಿಲ್ಲ ಎಂಬ ಹಮ್ಮು ಒಳಗೊಳಗೇ ಇತ್ತು.

ಆ ರಂಜಾನಿನಲ್ಲಿ ಸರ್ವರಿನ ಡಿಸ್ಕು ತುಂಬಿಹೋಯಿತು. ದೋಷಗಳನ್ನು ಬರೆದಿಡುವ ಲಾಗ್ ಕಡತಕ್ಕೆ ಸಣ್ಣಪುಟ್ಟ ಎಚ್ಚರಿಕೆಗಳೆಲ್ಲ ಬಂದು ಬೀಳುತ್ತಿದ್ದವು. ಉಪವಾಸದ ಸುಸ್ತು, ಇಫ್ತಾರಿನ ಅಡುಗೆಗೆ ಮನೆ ಸೇರುವ ಆತುರ. ಲಾಗಿಗೆ ಏನೇನು ಬರೆಯಬೇಕೆಂದು ಸರ್ವರಿಗೆ ಹೇಳುವ ಹಳೆಯ ಸಾಲನ್ನು ಬಸ್ಮಾ ಅಳಿಸಿ ಹೊಸದು ಹಾಕಿದಳು: ಸರ್ವರೇ ನಿಂತುಹೋಗುವಂಥದ್ದಾದರೆ ಮಾತ್ರ ಬರೆ, ಉಳಿದದ್ದು ಬೇಡ. ಹಬ್ಬ ಕಳೆದ ಮೇಲೆ ಸರಿಮಾಡಿದರಾಯಿತು ಅಂದುಕೊಂಡಳು. ಹಬ್ಬ ಕಳೆಯಿತು. ಮರೆತಳು.

ಆಮೇಲೊಂದು ಬೆಳಿಗ್ಗೆ ಆಸ್ಪತ್ರೆಯ ಸರದಿಯಲ್ಲಿ ನಿಂತು ಮೊಖ್ತಾರ್ ಅವಳ ಮೇಜಿನ ಹತ್ತಿರ ಬಂದ. ಬಂದರಿನಲ್ಲಿ ಬಲೆ ಹೆಣೆಯುತ್ತಿದ್ದ ಮುದುಕ, ಎರಡೂ ಕಣ್ಣಿಗೆ ಪೊರೆ.

"ಶಿಬಿರದ ಆಪರೇಷನ್ನಿಗೆ ಮೂರು ಸಲ ವೆಬ್‌ಸೈಟಲ್ಲಿ ಹೆಸರು ಕೊಟ್ವಿ ಮಗಳೇ. ಪಟ್ಟೀಲಿ ಇಲ್ವಂತೆ."

ಬಸ್ಮಾ ಲಾಗ್ ತೆರೆದಳು. ಖಾಲಿ. "ಕಾಕಾ, ಏನಾದ್ರೂ ಕೆಟ್ಟಿದ್ರೆ ಇಲ್ಲಿ ಬರೆದಿರತ್ತೆ. ಏನೂ ಇಲ್ಲ. ಕಣ್ಣು ಕಾಣೋರ ಕೈಲಿ ತುಂಬಿಸಿ."

ಸರದಿಯಲ್ಲಿದ್ದವರು ನಕ್ಕರು. ಮುದುಕ ಗೋಡೆ ತಡವಿಕೊಂಡು ಹೊರಟುಹೋದ.

ಅದಾಗಿ ಹದಿನೈದು ದಿನದಲ್ಲಿ ಹೊರಗಿನಿಂದ ಬಂದ ವೈದ್ಯರು ಶಿಬಿರ ಮುಗಿಸಿ ಹೋದರು. ಈ ಸಲ ಜನ ಇಷ್ಟು ಕಡಿಮೆ ಯಾಕೆ ಎಂದು ದಾದಿಯೊಬ್ಬಳು ಕೇಳಿದಾಗಲೇ ಬಸ್ಮಾಗೆ ಆ ಸಾಲು ನೆನಪಾದದ್ದು. ಮೊದಲಿನಂತೆ ಮಾಡಿ ಕೂತಳು. ಒಂದು ಗಂಟೆಯೊಳಗೆ ಲಾಗ್ ಹೇಳಿತು: ವಿಳಾಸ ಉದ್ದವಿದ್ದ ಅರ್ಜಿಗಳೆಲ್ಲ ದಾರಿಯಲ್ಲೇ ಬಿದ್ದುಹೋಗುತ್ತಿವೆ. ಈವರೆಗೆ ಬಿದ್ದದ್ದು ಯಾರ್ಯಾರದು, ತಿಳಿಯುವ ದಾರಿಯೇ ಇರಲಿಲ್ಲ. ಬರೆದಿಟ್ಟಿದ್ದರೆ ತಾನೆ.

ಬಸ್ಮಾ ಮೇಲಧಿಕಾರಿಗೆ ಇದ್ದದ್ದನ್ನು ಇದ್ದಂತೆ ಬರೆದುಕೊಟ್ಟಳು. ಅರ್ಜಿ ಬೀಳುವುದನ್ನು ಸರಿಪಡಿಸಿ, ಹೆಸರು ಕೊಟ್ಟವರು ಇನ್ನೊಮ್ಮೆ ಕೊಡಬೇಕೆಂದು ಬಾಗಿಲಿಗೆ ಚೀಟಿ ಅಂಟಿಸಿದಳು. ಬಂದರಿನಲ್ಲಿ ಬಲೆಯವರನ್ನು ಕೇಳಿಕೊಂಡು ಮೊಖ್ತಾರನ ಮನೆಗೆ ಹೋದಳು.

"ಕಾಕಾ, ತಪ್ಪು ನಿಮ್ಮದಲ್ಲ, ನಂದು. ದೋಷ ಬರೆಯೋದನ್ನ ನಾನೇ ನಿಲ್ಲಿಸಿದ್ದೆ. ಎಲ್ಲರೆದುರಿಗೆ ನಿಮಗೆ ಹಾಗಂದೆ."

ಮುದುಕ ದನಿ ಬಂದ ಕಡೆಗೆ ಮುಖ ತಿರುಗಿಸಿದ. "ನಿನ್ನ ಮಾತು ನಂಬಿ ನನ್ನ ಮಗಳನ್ನ ಬೈದೆ. ಅರ್ಜಿ ತುಂಬಿದ್ದು ಅವಳು. ಅವಳಿಗೂ ಹೇಳಿ ಹೋಗು."

ಬಾದಾಮಿ ಸುಲಿಯುವ ಕೆಲಸ ಮುಗಿಸಿ ಮಗಳು ದುರ್ರಾ ಬರುವ ತನಕ ಬಸ್ಮಾ ಹೊಸ್ತಿಲಲ್ಲಿ ಕೂತಳು. ಬಂದವಳಿಗೆ ಮತ್ತೆ ಎಲ್ಲ ಹೇಳಿದಳು. ಎರಡನೆಯ ಸಲ ಹೇಳುವುದು ಇನ್ನೂ ಕಷ್ಟವಾಯಿತು.

"ಬೆರಳು ನೆಟ್ಟಗಿಲ್ಲ ಅಂದ್ರು ಅಪ್ಪ ನನಗೆ," ಅಂದಳು ದುರ್ರಾ. "ಈಗ ಹೆಸರು ಸೇರಿದೆಯಾ?"

"ನಾನೇ ಸೇರಿಸಿದೀನಿ. ಶಿಬಿರ ಇನ್ನು ಅಕ್ಟೋಬರಿಗೆ."

"ಐದು ತಿಂಗಳು," ಎಂದಷ್ಟೇ ಹೇಳಿ ದುರ್ರಾ ಒಳಗೆ ಹೋದಳು.

ಅಕ್ಟೋಬರಿನಲ್ಲಿ ಆಪರೇಷನ್ ಆಯಿತು. ಕಣ್ಣಿನ ಪಟ್ಟಿ ಬಿಚ್ಚಿದ ದಿನ ಬಸ್ಮಾ ವಾರ್ಡಿಗೆ ಹೋಗಿ ಹೇಗಿದ್ದೀರಿ ಎಂದು ಕೇಳಿದಳು. ಮೊಖ್ತಾರ್ ದನಿಯಿಂದ ಗುರುತು ಹಿಡಿದು ಅವಳ ಮುಖ ನಿಧಾನವಾಗಿ ನೋಡಿದ.

"ನೀನೇನಾ ಮಗಳೇ ಅವಳು," ಅಂದ.

ಬಸ್ಮಾ ಹೌದೆಂದಳು. ತಲೆ ಎತ್ತಲಾಗಲಿಲ್ಲ.