ಎಣ್ಣೆಗೆಂಪು ಬಣ್ಣ, ದುಂಡು ಮುಖ

ಹೋದ ವಾರ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬರುವ ಬಸ್ಸಿನಲ್ಲಿ ನನ್ನ ಮೊಬೈಲು ಹೋಯಿತು. ಯಾರೋ ಕದ್ದರು ಎಂದು ಹೇಳಲು ನನಗೆ ಧೈರ್ಯವಿಲ್ಲ. ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವ ಹೆಂಗಸು ನಾನು; ಸೀಟಿನ ಮೇಲೆ ಬಿಟ್ಟೇ ಇಳಿದಿರಬಹುದು. ಹೊಸ ಸಿಮ್ ಕೇಳಲು ಹೋದರೆ ಅಂಗಡಿಯವನು, ಪೊಲೀಸರ ವೆಬ್‌ಸೈಟಿನಲ್ಲಿ ದೂರು ಕೊಟ್ಟು ಅದರ ಪ್ರಿಂಟ್ ತನ್ನಿ ಎಂದ. ಮನೆಗೆ ಬಂದು ಮಗಳ ಲ್ಯಾಪ್‌ಟಾಪ್ ತೆರೆದೆ. ಕಳೆದುಹೋದ ವಸ್ತುಗಳ ದೂರು ಎಂಬ ಸಾಲು ಸಿಕ್ಕಿತು. ಅದರಿಂದ ಸ್ವಲ್ಪ ಕೆಳಗೆ, ಅದೇ ಗಾತ್ರದ ಅಕ್ಷರದಲ್ಲಿ, ‘ಅಪರಿಚಿತ ಶವಗಳು’ ಎಂದಿತ್ತು. ಮೊಬೈಲಿನ ಚಿಂತೆ ಬಿಟ್ಟು ಹಾಗೇ ಕುಳಿತೆ.

ಇಂಥ ಪುಟಗಳು ಇವೆ ಎಂದು ನಿಮಗೂ ಗೊತ್ತಿರಬಹುದು. ಈಗ ಎಲ್ಲವೂ ಅಲ್ಲಿದೆ. ಎಫ್‌ಐಆರ್ ಪ್ರತಿ ಅಲ್ಲಿ, ಕೋರ್ಟಿನ ಮುಂದಿನ ತಾರೀಖು ಅಲ್ಲಿ. ನಮ್ಮ ಕಡೆ ಹುಡುಗನ ಜಾತಕ ತರಿಸಿಕೊಂಡವರು ಅವನ ಹೆಸರನ್ನು ಮೆಲ್ಲಗೆ ಕೋರ್ಟಿನ ವೆಬ್‌ಸೈಟಿನಲ್ಲೂ ಹಾಕಿ ನೋಡುತ್ತಾರೆ. ಗ್ರಹಗಳು ಹೇಳದ್ದನ್ನು ಅದು ಹೇಳುತ್ತದಂತೆ. ನಾನೂ ಒಮ್ಮೆ ಕುತೂಹಲಕ್ಕೆಂದು ನನ್ನ ಹೆಸರನ್ನೇ ಹಾಕಿ ನೋಡಿದ್ದೆ. ಅದೇ ಹೆಸರಿನ ಮಹಿಳೆಯೊಬ್ಬರು ನೆರೆಯವರ ಮೇಲೆ ಬೇಲಿಯ ವ್ಯಾಜ್ಯ ಹೂಡಿದ್ದು ಕಂಡು ಒಂದು ವಾರ ನೆಮ್ಮದಿ ಕಳೆದುಕೊಂಡಿದ್ದೆ. ಆದರೆ ಶವಗಳ ಪುಟವನ್ನು ಯಾರೂ ಕುತೂಹಲಕ್ಕೆ ತೆರೆಯುವುದಿಲ್ಲ. ನನಗೆ ಅದನ್ನು ತೆರೆಯಲು ಕಲಿಸಿದವರು ವಿಶಾಲಕ್ಕ.

ಆಗ ನಾನು ಭದ್ರಾವತಿಯ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ಅಲ್ಲಿಯ ಜನ್ನಾಪುರದಲ್ಲಿ ವಿಶಾಲಕ್ಕನ ಮನೆಯ ಮಹಡಿಯ ಮೇಲೆ ನಾನೂ, ಹೈಸ್ಕೂಲಿಗೆ ಹೋಗುತ್ತಿದ್ದ ನನ್ನ ಮಗಳೂ ಬಾಡಿಗೆಗಿದ್ದೆವು. ವಿಶಾಲಕ್ಕನ ಯಜಮಾನರು ತೀರಿಕೊಂಡ ಮೇಲೆ ಕೆಳಗಿನ ಮನೆಯಲ್ಲಿ ಅವರ ಜೊತೆಗಿದ್ದವನು ಕೊನೆಯ ತಮ್ಮ ಪ್ರಭಾಕರ, ಮದುವೆಯಾಗದವನು. ಕಾರ್ಖಾನೆಯಲ್ಲಿ ಕಂಟ್ರಾಕ್ಟ್ ಕೆಲಸ ಮಾಡುತ್ತಿದ್ದನಂತೆ. ಕೆಲಸ ಕಡಿಮೆಯಾಗುತ್ತ ಬಂದು ಕೊನೆಗೆ ನಿಂತೇ ಹೋದಾಗ ಮಾತೂ ಕಡಿಮೆಯಾಯಿತಂತೆ. ಒಂದು ಬೆಳಿಗ್ಗೆ ಶಿವಮೊಗ್ಗಕ್ಕೆ ಹೋಗಿಬರ್ತೀನಿ ಎಂದು ಹೋದವನು ಬರಲೇ ಇಲ್ಲ. ನಾನು ಆ ಮನೆಗೆ ಬರುವ ಹೊತ್ತಿಗೆ ಅವನು ಹೋಗಿ ವರ್ಷ ಕಳೆದಿತ್ತು. ಅವನ ಹಳೆಯ ಚಪ್ಪಲಿ ಸ್ಟ್ಯಾಂಡಿನಲ್ಲಿತ್ತು. ವಿಶಾಲಕ್ಕ ಅದರ ಧೂಳು ಒರೆಸಿ ಇಡುತ್ತಿದ್ದರು. ನಾನು ಅವನನ್ನು ಕಂಡವಳಲ್ಲ.

ನನ್ನ ಬಳಿ ಕಂಪ್ಯೂಟರ್ ಇದೆಯೆಂದು ತಿಳಿದ ಮೇಲೆ ವಿಶಾಲಕ್ಕ ಸಂಜೆಯ ಕಾಫಿ ಲೋಟವನ್ನು ಹಿಡಿದುಕೊಂಡೇ ಮಹಡಿ ಹತ್ತಿ ಬರತೊಡಗಿದರು. ಮೊದಲು ಮಗಳ ಪರೀಕ್ಷೆ, ಕೊತ್ತಂಬರಿ ಸೊಪ್ಪಿನ ರೇಟು, ಎದುರುಮನೆಯ ನಾಯಿ ಎಲ್ಲ ಬರುತ್ತಿತ್ತು. ಆಮೇಲೆ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು, ಆ ಪುಟ ತೆಗಿ ಮಾರಾಯ್ತಿ ಎನ್ನುತ್ತಿದ್ದರು. ಫೋಟೋ ನೋಡುವ ಧೈರ್ಯ ಅವರಿಗಿರಲಿಲ್ಲ. ನಾನು ಓದಬೇಕು, ಅವರು ಕೇಳಬೇಕು.

ಪೊಲೀಸರ ಚಹರೆಯ ಕನ್ನಡವನ್ನು ನೀವು ಓದಿದ್ದೀರಲ್ಲ? ಎಣ್ಣೆಗೆಂಪು ಬಣ್ಣ, ದುಂಡು ಮುಖ, ಸಾಧಾರಣ ಮೈಕಟ್ಟು. ಇಲ್ಲವೇ ಗೋಧಿ ಬಣ್ಣ, ಕೋಲು ಮುಖ, ದೃಢಕಾಯ. ಮನುಷ್ಯರನ್ನು ಇಷ್ಟೇ ಪದಗಳಲ್ಲಿ ಮುಗಿಸುತ್ತಾರಲ್ಲ ಎಂದು ಮೊದಮೊದಲು ನನಗೆ ಮೇಷ್ಟ್ರ ಸಿಟ್ಟು ಬರುತ್ತಿತ್ತು. ಕೆಂಪು ಶಾಯಿ ಸಿಕ್ಕಿದ್ದರೆ ತಿದ್ದಿಬಿಡುತ್ತಿದ್ದೆನೋ ಏನೋ. ಓದುತ್ತ ಓದುತ್ತ ಸಿಟ್ಟು ಹೋಗಿ ಹೆದರಿಕೆ ಬಂತು. ನೀಲಿ ಗೆರೆಯ ಅಂಗಿ, ಸೊಂಟದಲ್ಲಿ ಕಪ್ಪು ಉಡಿದಾರ, ಜೇಬಿನಲ್ಲಿ ಅರ್ಧ ಬೀಡಿಕಟ್ಟು ಎಂದು ಓದುವಾಗ, ಆ ಅಂಗಿಯನ್ನು ಯಾವುದೋ ಊರಿನಲ್ಲಿ ಯಾರೋ ಆರಿಸಿ ಕೊಂಡಿದ್ದರು ಎಂದು ಹೊಳೆಯುತ್ತಿತ್ತು.

ಓದಿ ಮುಗಿದು, ಇಲ್ಲ ವಿಶಾಲಕ್ಕ, ಯಾರೂ ಹೋಲಲ್ಲ ಎಂದಾಗ ಅವರ ಮುಖ ಸಡಿಲಾಗುತ್ತಿತ್ತು. ತಣ್ಣಗಾದ ಕಾಫಿಯನ್ನು ಆಗ ಕುಡಿಯುತ್ತಿದ್ದರು. ಹಳೆಯ ತಿಂಗಳುಗಳನ್ನೂ, ಬೇರೆ ಜಿಲ್ಲೆಗಳನ್ನೂ ಒಮ್ಮೆ ನೋಡೋಣವೇ ಎಂದು ಕೇಳಿದೆ. ಅವರು ಒಪ್ಪಲಿಲ್ಲ.

“ಹಳೇದು ಬೇಡ. ಹೊಸದ್ರಲ್ಲಿ ಇಲ್ಲ ಅಂದ್ರೆ ಇವತ್ತು ಅವನು ಎಲ್ಲೋ ಊಟ ಮಾಡಿದಾನೆ ಅಂತ. ನಂಗೆ ಅಷ್ಟು ಸಾಕು.”

ತಮ್ಮ ಇವತ್ತಿನ ಮಟ್ಟಿಗೆ ಬದುಕಿದ್ದಾನೆ ಎನ್ನುವುದಕ್ಕೆ ಅವರಿಗಿದ್ದ ಆಧಾರ ಅದೊಂದೇ. ಅದನ್ನು ಕಿತ್ತುಕೊಳ್ಳಲು ನಾನ್ಯಾರು?

ಹೀಗೇ ಎಷ್ಟೋ ತಿಂಗಳು ನಡೆಯಿತು. ಒಂದು ಸಂಜೆ ಓದುತ್ತಿದ್ದಾಗ ಒಬ್ಬನ ಚಹರೆಯಲ್ಲಿ ಹಚ್ಚೆ ಎಂಬ ಮಾತು ಬಂತು. ಗೋಡೆ ನೋಡುತ್ತ ಕುಳಿತಿದ್ದ ವಿಶಾಲಕ್ಕ ತಟ್ಟನೆ ತಿರುಗಿ ನನ್ನ ಕೈ ಹಿಡಿದರು. “ಎಲ್ಲಿ? ಕೈ ಮೇಲಾ?” ಎಂದರು. ಅಲ್ಲ, ಎದೆಯ ಮೇಲೆ, ಆಂಜನೇಯನದು ಎಂದೆ. ಆದರೂ ಅವರು ಕೈ ಬಿಡಲಿಲ್ಲ. ಪ್ರಭಾಕರನಿಗೆ ಹಚ್ಚೆ ಇತ್ತಾ ಎಂದು ಕೇಳಿದೆ. ಅವರು ಸೆರಗಿನ ತುದಿಯನ್ನು ಸುತ್ತುತ್ತ ಹೇಳಿದರು.

ಕಾರ್ಖಾನೆಯಲ್ಲಿ ಜೊತೆಗೆ ಕೆಲಸ ಮಾಡುವವನ ತಂಗಿ, ಸೆಲ್ವಿ ಎಂಬ ತಮಿಳು ಹುಡುಗಿ. ಇವನು ಮದುವೆಯಾದರೆ ಅವಳನ್ನೇ ಎಂದ. ಮನೆಯಲ್ಲಿ ಯಾರೂ ಒಪ್ಪಲಿಲ್ಲ. ಎಲ್ಲರಿಗಿಂತ ಹೆಚ್ಚು ಒಪ್ಪದಿದ್ದವರು ದೊಡ್ಡಣ್ಣ, ಶಿವಮೊಗ್ಗದಲ್ಲಿ ಸಂಸ್ಕೃತದ ಮೇಷ್ಟ್ರಾಗಿ ನಿವೃತ್ತರಾದವರು. ಹುಡುಗಿಗೆ ಬೇರೆಲ್ಲೋ ಮದುವೆಯಾಯಿತು. ಇವನು ಅವಳ ಹೆಸರನ್ನು ತಮಿಳಿನಲ್ಲೇ ಬಲ ಮುಂಗೈ ಮೇಲೆ ಹಾಕಿಸಿಕೊಂಡು ಬಂದ. ಅಂದಿನಿಂದ ಮನೆಯ ಪೂಜೆ, ಶ್ರಾದ್ಧಗಳಿಗೆಲ್ಲ ತುಂಬುತೋಳಿನ ಅಂಗಿ ಹಾಕಿಕೊಂಡು ದೂರ ನಿಲ್ಲುತ್ತಿದ್ದನಂತೆ.

ನಾನು ಅವರೆದುರಿಗೇ ಕಾಣೆಯಾದವರ ಪುಟ ತೆರೆದು ಅವನ ಹೆಸರು ಹುಡುಕಿದೆ. ಅಷ್ಟು ದಿನ ಅದನ್ನು ತೆರೆದಿರಲೇ ಇಲ್ಲ ನೋಡಿ, ನಮ್ಮ ಜಾಣತನ. ಎಣ್ಣೆಗೆಂಪು ಬಣ್ಣ, ದುಂಡು ಮುಖ. ಧರಿಸಿದ್ದ ಬಟ್ಟೆ: ಬಿಳಿ ಪಂಚೆ, ಬಿಳಿ ಅಂಗಿ. ಗುರುತಿನ ಚಿಹ್ನೆ: ಇಲ್ಲ. ಮಾತನಾಡುವ ಭಾಷೆ: ಕನ್ನಡ, ಸಂಸ್ಕೃತ. ವಿಶಾಲಕ್ಕ ತಲೆ ತಗ್ಗಿಸಿದರು. ಅವನು ಪಂಚೆ ಉಟ್ಟವನೇ ಅಲ್ಲವಂತೆ, ಹೋದ ದಿನ ಪ್ಯಾಂಟಿನಲ್ಲಿದ್ದನಂತೆ.

“ಅಣ್ಣ ಬರೆಸ್ತಿದ್ದ, ನಾನು ಪಕ್ಕದಲ್ಲೇ ಕೂತಿದ್ದೆ. ಪೇಪರ್‌ನಲ್ಲಿ ಬಂದ್ರೆ ನಮ್ಮೋರೆಲ್ಲ ಓದ್ತಾರಲ್ಲ ಅಂತ ನಾನೂ ಬಾಯಿ ಬಿಡ್ಲಿಲ್ಲ. ಒಳ್ಳೇದೇ ಆಯ್ತು ಅನ್ನಿಸ್ತು ಆಗ.”

ತಮ್ಮನನ್ನು ಹುಡುಕಿಕೊಡಿ ಎಂದು ಹೋದವರು, ತಾವು ಬಯಸಿದ್ದ ತಮ್ಮನ ಚಹರೆ ಬರೆಸಿ ಬಂದಿದ್ದರು. ಅಂಥವನೊಬ್ಬ ಹುಟ್ಟಿರಲೇ ಇಲ್ಲ. ಪೊಲೀಸರಾದರೂ ಎಲ್ಲಿಂದ ಹುಡುಕಿ ತರಬೇಕು? ನನಗೆ ಸಿಟ್ಟು ಬಂದಿತ್ತು, ಆದರೆ ಆ ತಗ್ಗಿದ ತಲೆಯನ್ನು ನೋಡಿ ಬೈಯಲಾಗಲಿಲ್ಲ. ನಾಳೆ ಶಿವಮೊಗ್ಗಕ್ಕೆ ಹೋಗೋಣ ಎಂದೆ.

ದೊಡ್ಡಣ್ಣ ಮೊದಲು ನನ್ನೊಡನೆ ಹಳಗನ್ನಡದ ವಿಷಯ ತೆಗೆದರು. ಮನೆಯ ವಿಷಯವನ್ನು ಬಾಡಿಗೆದಾರಳ ಮುಂದೆ ಆಡುವ ಇಷ್ಟ ಅವರಿಗಿರಲಿಲ್ಲ. ಹಚ್ಚೆಯ ವಿಷಯ ಬರೆಸಬೇಕೆಂದು ವಿಶಾಲಕ್ಕನೇ ಬಾಯಿಬಿಟ್ಟು ಹೇಳಿದರು. ಇಂಟರ್‌ನೆಟ್ಟಿಗೆ ಒಮ್ಮೆ ಹೋದದ್ದು ಅಳಿಸುವುದಿಲ್ಲವಂತೆ, ನಾಳೆ ಮಕ್ಕಳು ಮೊಮ್ಮಕ್ಕಳೂ ಓದುತ್ತಾರೆ ಎಂದು ದೊಡ್ಡಣ್ಣ ಗೋಡೆಗೆ ಹೇಳುವಂತೆ ಹೇಳಿದರು. ಓದಲಿ ಎಂದರು ವಿಶಾಲಕ್ಕ. ಅಣ್ಣನ ಎದುರು ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು. ದೊಡ್ಡಣ್ಣ ಎದ್ದು ಒಳಗೆ ಹೋದರು. ಬೈದುಕೊಂಡು ಮಲಗಿದರೇನೋ ಎಂದುಕೊಳ್ಳುವಷ್ಟರಲ್ಲಿ ಶಲ್ಯ ಹೊದ್ದುಕೊಂಡು ಬಂದು ಬಾಗಿಲಲ್ಲಿ ಚಪ್ಪಲಿ ಮೆಟ್ಟಿದರು.

ದೂರು ಕೊಟ್ಟಿದ್ದ ಠಾಣೆಗೇ ಮೂವರೂ ಹೋದೆವು. ಕಂಪ್ಯೂಟರಿನ ಮುಂದಿದ್ದ ಹೆಂಗಸು, ಹೆಡ್ ಕಾನ್‌ಸ್ಟೇಬಲ್, ಇಷ್ಟು ದಿನದ ಮೇಲೆ ಯಾಕೆ ಎಂದು ಕೇಳಲಿಲ್ಲ. ಅದು ಅವರ ದೊಡ್ಡತನ. ಹಚ್ಚೆ ಎಲ್ಲಿ, ಯಾವ ಕೈ, ಏನು ಬರೆದಿತ್ತು ಎಂದು ಒಂದೊಂದಾಗಿ ಕೇಳಿ ಟೈಪ್ ಮಾಡಿದರು. ವಿಶಾಲಕ್ಕ ಹೇಳುತ್ತ ಹೋದರು. ಎಲ್ಲ ಮುಗಿಯಿತು ಎನ್ನುವಾಗ ದೊಡ್ಡಣ್ಣ ಕೆಮ್ಮಿದರು.

“ಭಾಷೆ ಅಂತ ಇದೆಯಲ್ಲಮ್ಮ, ಅದನ್ನೂ ಸರಿ ಮಾಡಿ. ಅವನಿಗೆ ಸಂಸ್ಕೃತ ಬರ್ತಿರ್ಲಿಲ್ಲ. ತಮಿಳು ಚೆನ್ನಾಗಿ ಬರ್ತಿತ್ತು.”

ಕೆಲವೇ ವಾರಗಳಲ್ಲಿ ಠಾಣೆಯಿಂದ ಫೋನ್ ಬಂತು. ಇನ್ನೊಂದು ಜಿಲ್ಲೆಯಲ್ಲಿ, ಬಸ್ ನಿಲ್ದಾಣದ ಹೊರಗೆ, ಅವನು ಮನೆ ಬಿಟ್ಟ ಕೆಲವು ತಿಂಗಳಿಗೇ ಸಿಕ್ಕಿದ್ದ ಶವ. ಕಾಯಿಲೆಯಿಂದ ಸತ್ತದ್ದೆಂದು ದಾಖಲಾಗಿತ್ತು. ಕೈಯ ಮೇಲಿನ ಅಕ್ಷರ ನೋಡಿ ತಮಿಳುನಾಡಿನವನಿರಬೇಕೆಂದು ಅಲ್ಲಿಯ ಪೊಲೀಸರು ಆ ಕಡೆಯೆಲ್ಲ ವಿಚಾರಿಸಿದ್ದರು. ಯಾರೂ ಬಾರದಿದ್ದಾಗ ಪುರಸಭೆಯವರು ಮಣ್ಣು ಮಾಡಿದ್ದರು. ಮುಂಗೈಯ ಫೋಟೋ ಒಂದನ್ನು ವಿಶಾಲಕ್ಕ ಕುರ್ಚಿ ತಿರುಗಿಸದೆ ನೋಡಿದರು. ಹೌದು ಎಂದರು. ಆ ಪುಟವನ್ನು ನಾವು ಓದಲು ಶುರುಮಾಡುವ ಮೊದಲೇ ಅವನು ಹೋಗಿಯಾಗಿತ್ತು. ಇವತ್ತು ಊಟ ಮಾಡಿದಾನೆ ಎಂದು ಅವರು ಸಮಾಧಾನ ಮಾಡಿಕೊಂಡ ಒಂದೊಂದು ಸಂಜೆಯೂ ಅವನು ಮಣ್ಣಿನಲ್ಲಿದ್ದ. ಅವತ್ತು ಸಂಜೆ ಅವರು ಮಹಡಿಗೆ ಬರಲಿಲ್ಲ; ನಾನೇ ಕಾಫಿ ಮಾಡಿಕೊಂಡು ಕೆಳಗಿಳಿದೆ. ಅವರು ನನ್ನ ಮಡಿಲಲ್ಲಿ ತಲೆಯಿಟ್ಟು ಅತ್ತರು, ನಾನೂ ಅತ್ತೆ.

ದೇಹ ಸಿಗದವರಿಗೆ ದರ್ಭೆಯಲ್ಲಿ ಮನುಷ್ಯನ ಆಕಾರ ಮಾಡಿ ಸುಡುವ ಕ್ರಮವಿದೆ. ತುಂಗೆಯ ದಡದಲ್ಲಿ ದೊಡ್ಡಣ್ಣ ಅದನ್ನು ಮಾಡಿದರು. ಮಂತ್ರದ ಒಂದು ಸ್ವರವೂ ತಪ್ಪಲಿಲ್ಲ. ಎಲ್ಲ ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲೇ ಮೆಟ್ಟಿಲ ಮೇಲೆ ಕುಳಿತು, ನೀರಿನ ಕಡೆ ನೋಡುತ್ತ ತಂಗಿಗೆ ಹೇಳಿದರು.

“ಪ್ರತಿ ಅಮಾವಾಸ್ಯೆ ತರ್ಪಣದ ಕೊನೇಲಿ, ದಿಕ್ಕಿಲ್ಲದೆ ಸತ್ತೋರಿಗೆ ಅಂತ ಒಂದು ಬೊಗಸೆ ನೀರು ಬಿಡ್ತೀವಲ್ಲ ವಿಶಾಲೂ. ಇಷ್ಟು ದಿನ ಇವನಿಗೆ ನನ್ನ ಕೈಯಿಂದ ಸಿಕ್ಕಿದ್ದು ಅದೊಂದೇ.”

ವಿಶಾಲಕ್ಕ ಅಣ್ಣನ ಬೆನ್ನ ಮೇಲೆ ಕೈಯಿಟ್ಟರು. ಅದಾಗಿ ಸ್ವಲ್ಪ ಕಾಲಕ್ಕೆ ನನಗೆ ಶಿವಮೊಗ್ಗಕ್ಕೆ ವರ್ಗವಾಯಿತು. ಆಗಾಗ ಫೋನ್ ಮಾಡುತ್ತಾರೆ. ಕೊತ್ತಂಬರಿ ಸೊಪ್ಪಿನ ರೇಟು ಈಗಲೂ ಹೇಳುತ್ತಾರೆ.

ಇಷ್ಟೆಲ್ಲ ನೆನೆಯುತ್ತ ಕೂತು, ಹೋದ ವಾರದ ಆ ಮೊಬೈಲಿನ ದೂರನ್ನು ಹೇಗೋ ಮುಗಿಸಿದೆ. ಅಷ್ಟರಲ್ಲಿ ಕಾಲೇಜಿನಿಂದ ಮಗಳು ಬಂದಳು. ತಿಂಡಿ ತಿನ್ನುತ್ತಿದ್ದವಳಿಗೆ, ನನ್ನ ಎಡ ಮಂಡಿಯ ಕೆಳಗೆ ಹೊಲಿಗೆ ಹಾಕಿದ ಗಾಯದ ಗುರುತಿದೆ ಎಂದೆ. ಬಲಗಡೆಯ ಎರಡು ದವಡೆ ಹಲ್ಲು ಕಟ್ಟಿಸಿದ್ದು ಎಂದೂ, ತಲೆಗೂದಲು ಕಪ್ಪಗಿರುವುದು ಬಣ್ಣದಿಂದ, ಅದನ್ನು ಮುಚ್ಚಿಡಬೇಡ ಎಂದೂ ಹೇಳಿದೆ. ಅವಳು ತಟ್ಟೆ ಬಿಟ್ಟು ನನ್ನನ್ನೇ ನೋಡಿದಳು. ಇದೆಲ್ಲ ಈಗ್ಯಾಕಮ್ಮ ಎಂದಳು. ಸುಮ್ಮನೆ, ನಿನಗೆ ಗೊತ್ತಿರಲಿ ಎಂದೆ. ವಿಶಾಲಕ್ಕನ ತಮ್ಮನ ಕತೆ ಅವಳಿಗೂ ಗೊತ್ತು. ಎದ್ದು ಕೈ ತೊಳೆದು ಬಂದಳು. ಆಮೇಲೆ, “ಬೈಬೇಡ” ಎಂದು, ಕುರ್ತಾದ ಕತ್ತನ್ನು ಎಳೆದು ಎಡ ಭುಜದ ಹಿಂಭಾಗ ತೋರಿಸಿದಳು.

ನನ್ನ ಮನೆಯಲ್ಲೇ, ನನಗೆ ಗೊತ್ತಿಲ್ಲದೆ ಒಂದು ಹಚ್ಚೆ. ಸಿಟ್ಟು ಬಾಯಿಯವರೆಗೆ ಬಂದಿತ್ತು. ಬೈಯಲಿಲ್ಲ. ಕನ್ನಡಕ ಹಾಕಿಕೊಂಡು, ಅವಳನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಒಂದು ರೂಪಾಯಿ ನಾಣ್ಯದಷ್ಟಗಲದ ಆ ನೀಲಿ ಚಿಟ್ಟೆಯನ್ನು ಸರಿಯಾಗಿ ನೋಡಿಟ್ಟುಕೊಂಡೆ.